ರಿಮ್ಮಿನೊಳಗಿನ ಮಣ್ಣು

ನಾನು ಓದಿದ್ದು ಆರನೇ ಕ್ಲಾಸು. ಆದರೂ ಚನ್ನಪಟ್ಟಣದ ಹೆದ್ದಾರಿ ಬದಿಯ ನಮ್ಮ ಟೈರ್ ಅಂಗಡಿಯಲ್ಲಿ ನನ್ನ ಠೀವಿ ನೋಡಿದವರು ವೀಲ್ ಬ್ಯಾಲೆನ್ಸಿಂಗ್ ಮಿಷನ್ನನ್ನು ನಾನೇ ಕಂಡುಹಿಡಿದೆ ಅಂದುಕೊಳ್ಳಬೇಕು. ನಿಜಕ್ಕೂ ಕೆಲಸ ಬಲ್ಲವಳು ನನ್ನ ತಂಗಿ. ಚಕ್ರವನ್ನು ಮಿಷನ್ನಿಗೆ ಸಿಕ್ಕಿಸಿ ತಿರುಗಿಸಿದರೆ ಯಾವ ಜಾಗದಲ್ಲಿ ಎಷ್ಟು ಗ್ರಾಂ ಕಮ್ಮಿ ಎಂದು ಅದು ತೋರಿಸುತ್ತದೆ; ಅಷ್ಟು ತೂಕದ ಸೀಸದ ತುಂಡನ್ನು ರಿಮ್ಮಿನ ಅಂಚಿಗೆ ಬಡಿಯಬೇಕು. ತಂಗಿ ಮಾತ್ರ ಅದಕ್ಕೂ ಮೊದಲು ಪ್ರತಿ ಚಕ್ರವನ್ನೂ ಮಗುವಿಗೆ ಎರೆದ ಹಾಗೆ ತೊಳೆದು, ರಿಮ್ಮಿನ ಒಳಮೈಯನ್ನು ಕೆರೆದು ನೋಡುತ್ತಿದ್ದಳು.

"ಅರಿಶಿನ ಹಚ್ಚೋದೊಂದು ಬಾಕಿ ಕಣಮ್ಮಿ" ಎಂದು ಗಿರಾಕಿಗಳ ಮುಂದೆ ಅವಳನ್ನು ಆಡಿಕೊಂಡು ನಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ವಿರೂಪಾಕ್ಷಿಪುರದ ಕಡೆಯ ಯಜಮಾನರೊಬ್ಬರು ಹೊಲದ ಕೆಸರಿನ ಸಮೇತ ಕಾರು ತಂದು ನಿಲ್ಲಿಸಿ, ಬೋಂಡ ತಿನ್ನಲು ಎದುರಿನ ಹೋಟೆಲಿಗೆ ಹೋದರು. ತಂಗಿ ಊಟಕ್ಕೆ ಹೋಗಿದ್ದಳು. ನಾನು ಚಕ್ರಕ್ಕೆ ಹೊರಗಿನಿಂದ ಒಸಿ ನೀರು ಎರಚಿ ಮಿಷನ್ನಿಗೆ ಏರಿಸಿದೆ. ಒಳಗೆ ಮೆತ್ತಿಕೊಂಡಿದ್ದ ಮಣ್ಣನ್ನೂ ಅದು ಚಕ್ರದ ತೂಕವೆಂದೇ ಎಣಿಸಿತು. ಕೇಳಿದಷ್ಟು ಸೀಸ ಬಡಿದೆ; ಸೊನ್ನೆ ತೋರಿಸಿತು. ಸ್ಕೂಲಿನಲ್ಲಿ ಸೊನ್ನೆ ಕಂಡು ಅಳುತ್ತಿದ್ದವನು ಅಂದು ಸೊನ್ನೆ ಕಂಡು ಮೀಸೆ ತಿರುವಿದೆ.

ಮಾರನೆಯ ದಿನ ಯಜಮಾನರು ಉರಿದುಕೊಂಡು ಬಂದರು. ಅಷ್ಟರಲ್ಲಾಗಲೇ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ್ದರು.

"ಏನ್ಲಾ, ಎಂಬತ್ತು ದಾಟುದ್ರೆ ಸ್ಟೇರಿಂಗು ಗಡಗಡ ಅಂತೈತೆ! ಚಳಿಜ್ವರದೋನ ಕೈ ಹಿಡ್ಕಂಡಂಗೈತೆ. ನಿನ್ ತಂಗಿ ಮುಟ್ಟಿದ್ಲಾ?"

ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೋರಿಸಿಕೊಟ್ಟರು. ನಾನು ಹೂಂ ಅಂದೆ. ತಂಗಿ ಹತ್ತು ಅಡಿ ದೂರದಲ್ಲಿ ಜಾಕ್ ಹಿಡಿದು ನಿಂತಿದ್ದಳು.

"ಅದ್ಕೇ ಮತ್ತೆ! ಹೆಂಗಸ್ರು ಚಕ್ರ ಮುಟ್ಟುದ್ರೆ ಗಾಡಿ ನೆಟ್ಟಗಿರ್ತದಾ? ಇನ್ಮೇಲೆ ಮುಟ್ಟಿಸ್ಬ್ಯಾಡ."

ತಂಗಿ ಜಾಕ್ ಏರಿಸಿ ಚಕ್ರ ಬಿಚ್ಚಿದಳು. ಓಡಾಟದಲ್ಲಿ ಅರ್ಧ ಮಣ್ಣು ಉದುರಿ ಅರ್ಧ ಅಂಟಿಕೊಂಡಿತ್ತು. ಯಜಮಾನರು ಅತ್ತ ಹೋದ ಮೇಲೆ ಒಂದು ಹೆಂಟೆ ಕಿತ್ತು ನನ್ನ ಅಂಗೈಯಲ್ಲಿಟ್ಟಳು.

"ನಾನು ತೊಳೆದ ಚಕ್ರದಾಗೆ ಇದೆಂಗ್ ಬಂತಣ್ಣ? ಮೊಳೀತಾ?"

ಗಿರಾಕಿ ಕೈತಪ್ಪುತ್ತಾರೆಂದು ಹೆದರಿ ಅಂದಿನಿಂದ ಅವಳನ್ನು ಬರೀ ಗಾಳಿ ತುಂಬಲು ಹಾಕಿದೆ.

"ಮಾಡಿದ್ದು ನೀನೇ ಅಂತ ಅವ್ರಿಗೊಂದ್ ಮಾತು ಹೇಳ್ಬುಡಣ್ಣ, ಸಾಕು. ನಾನು ಮಿಷನ್ ಹತ್ರ ಬತ್ತೀನಿ" ಅಂದಳು.

ಆಮೇಲೆ ಯಜಮಾನರು ಮೂರು ಸಲ ಬಂದರು. ಮೂರು ಸಲವೂ ನಾನು ಗಂಟಲು ಸರಿಮಾಡಿಕೊಂಡು, ಎದೆ ಸೆಟೆಸಿ, ಅವರ ಹತ್ತಿರ ಹೋಗಿ, "ಗಾಳಿ ಎಷ್ಟು ಹಾಕ್ಲಿ ಯಜಮಾನ್ರೇ?" ಎಂದು ಕೇಳಿದೆ. ಮೂರನೆಯ ಸಲ ತಂಗಿ ಗಾಳಿ ಪೈಪನ್ನು ಸುತ್ತಿ ಗೂಟಕ್ಕೆ ಹಾಕಿ ಮನೆಗೆ ಹೋದಳು.

ಈಗ ಅವಳು ರಾಮನಗರದಲ್ಲಿ ಬೇರೆಯವರ ಅಂಗಡಿಯ ಮಿಷನ್ ನೋಡಿಕೊಳ್ಳುತ್ತಾಳೆ. ಮೊದಲ ದಿನ ಬಸ್‌ಸ್ಟಾಂಡಿಗೆ ನಾನೇ ಬೈಕಿನಲ್ಲಿ ಬಿಟ್ಟೆ. ತಪ್ಪಾಯ್ತು ಎಂಬ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಉರುಳಿಸಿಕೊಂಡು ಹೋದೆ. ಅವಳು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗ ಹೊರಗೆ ಬಂದದ್ದು ಇಷ್ಟು: "ಚಿಲ್ಲರೆ ಐತೇನಮ್ಮಿ?"

"ಹೆಂಗಸ್ರಿಗೆ ಫ್ರೀ ಕಣಣ್ಣ" ಎಂದು ಕಿಟಕಿ ಎಳೆದುಕೊಂಡಳು.