ಕೌದಿಯ ಹೊಟ್ಟೆ

ನಮ್ಮ ಕಡೆ ಕೌದಿ ಹೊಲಿದು ಮುಗಿಸುವ ಮುನ್ನ ಅದರ ನಡುವೆ ಒಂದು ತುಣುಕು ಜೋಳದ ರೊಟ್ಟಿ ಇಟ್ಟು ಬಾಯಿ ಮುಚ್ಚುತ್ತಾರೆ. ಮಂದಿಯನ್ನು ಬೆಚ್ಚಗಿಡುವ ಕೌದಿ ತಾನೇ ಹಸಿದಿರಬಾರದಲ್ಲ. ವಿಜಯಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರದ ಪಾಠ ಹೇಳುವಾಗ ನಾನು ಕೊಡುತ್ತಿದ್ದ ಉದಾಹರಣೆಯೂ ಇದೇ: ಹಳೆಯ ಸೀರೆಯ ಚಿಂದಿ ಬರೀ ಜಡ, ಕೌದಿಯೆಂಬ ಕಲ್ಪನೆ ಹೊಲಿಯುವವಳ ಮನಸ್ಸಿನಲ್ಲಿ ಮೊದಲೇ ಇರುತ್ತದೆ, ಬಟ್ಟೆ ಹರಿದೀತು, ಕಲ್ಪನೆಗೆ ಹರಕಿಲ್ಲ. ಹುಡುಗರು ಬರೆದುಕೊಳ್ಳುತ್ತಿದ್ದರು, ನಾನೂ ನಂಬಿದ್ದೆ.

ಹೋದ ವರ್ಷ ನಿಡೋಣಿಯ ನನ್ನ ಅಕ್ಕ ಗಂಗವ್ವನಿಗೆ ಮರೆವು ಹತ್ತಿತು. ಡಾಕ್ಟರು ಅವಳ ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು, "ಇಲ್ಲಿ ಸವದೈತ್ರಿ ಸರ್" ಎಂದರು, ಅಂಗಿಯ ಮೊಳಕೈ ತೋರಿಸಿದಷ್ಟು ಸಲೀಸಾಗಿ. ತೀರಿಹೋದ ಅವ್ವನ ದನಿ, ಐದು ವರ್ಷದ ನಾನು, ಇವೆಲ್ಲ ಈಗ ಅಕ್ಕನೊಬ್ಬಳಿಗೇ ನೆನಪು. ಅವು ಇರುವುದು ಆ ಹಿಡಿಯಷ್ಟು ಮಾಂಸದಲ್ಲೇ ಆದರೆ, ಅದು ಸವೆದ ದಿನ ಅವ್ವ ಇನ್ನೊಮ್ಮೆ ಸಾಯುತ್ತಾಳೆ. ಮನಸ್ಸು ಬೇರೆ, ದೇಹ ಬೇರೆ ಎಂದು ಗಾಂಧಿ ಚೌಕದ ಗದ್ದಲದಲ್ಲಿ ನನಗೆ ನಾನೇ ಪಾಠ ಹೇಳಿಕೊಳ್ಳುತ್ತ ನಡೆದೆ. ಪುಸ್ತಕದ ಬದನೆಕಾಯಿ ಅಂದು ಕೆಲಸಕ್ಕೆ ಬರಲಿಲ್ಲ.

ದೀಪಾವಳಿಗೆ ಅಕ್ಕ ನನಗೊಂದು ಕೌದಿ ಕೊಟ್ಟಳು. ಮಡಚುವಾಗ ನಡುವೆ ಒಂದಲ್ಲ, ಮೂರು ಗಂಟು ಕೈಗೆ ಸಿಕ್ಕವು. ರೊಟ್ಟಿ ಇಟ್ಟದ್ದನ್ನು ಮರೆತು, ಹೊಲಿಗೆ ಬಿಚ್ಚಿ, ಮತ್ತೆ ಮತ್ತೆ ಇಟ್ಟಿದ್ದಳು.

"ಯಾಕಕ್ಕಾ, ಮೂರು ಇಟ್ಟೀದಿ?"

"ಇಟ್ಟೇನೋ ಇಲ್ಲೋ, ನೆಪ್ಪಿಲ್ಲೋ ತಮ್ಮಾ. ಅದು ಹಸದಿರಬಾರದು, ಅಷ್ಟ ಗೊತ್ತೈತಿ."

ನಾನು ನಕ್ಕಂತೆ ಮಾಡಿದೆ. ನಿಮಗೆ ಹೇಳಲು ನಾಚಿಕೆಯೇನು, ಆ ಕೌದಿ ಹೊದೆಯಲು ನನಗೆ ಹೆದರಿಕೆ. ಗಂಟುಗಳ ಮೇಲೆ ಕೈ ಹೋದರೆ, ಅಕ್ಕನೊಳಗಿನಿಂದ ಅಳಿಸಿಹೋದ ಗಳಿಗೆಗಳನ್ನೇ ಮುಟ್ಟಿದಂತಾಗುತ್ತದೆ.

ಮೊನ್ನೆ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಬಬಲೇಶ್ವರದ ಕಡೆಯ ಬಸ್ಸು ಹಿಡಿದು ನಿಡೋಣಿಗೆ ಹೋದೆ. ಪಡಸಾಲೆಯಲ್ಲಿ ಅಕ್ಕ ಇನ್ನೊಂದು ಕೌದಿ ಹಿಡಿದು ಕುಳಿತಿದ್ದಳು. ಅದರ ಬಾಯಿ ಇನ್ನೂ ತೆರೆದೇ ಇತ್ತು. ನನ್ನ ಮುಖವನ್ನು ಬಹಳ ಹೊತ್ತು ನೋಡಿ ಕೇಳಿದಳು: "ಯಾರಪ್ಪಾ ನೀ?"

ವರ್ಷವಿಡೀ ಅಂಜಿದ್ದ ಮಾತು ಬಂದೇಬಿಟ್ಟಿತು. ನಾನು ಹೆಸರು ಹೇಳುವುದರೊಳಗೆ ಅವಳೇ ಮತ್ತೆ, "ಉಂಡೀಯೇನು?" ಎಂದಳು.

ಆ ಪ್ರಶ್ನೆ ಎಲ್ಲಿ ಉಳಿದಿತ್ತೋ, ಡಾಕ್ಟರಿಗೂ ನನಗೂ ಗೊತ್ತಿಲ್ಲ. "ಇಲ್ಲಕ್ಕಾ" ಎಂದೆ. ಅವಳು ಎದ್ದು ರೊಟ್ಟಿ ತಂದಳು. ಸಂಜೆಯೊಳಗೆ ಅದನ್ನೇ ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲವೆಂದೆ, ಮೂರು ಸಲವೂ ಉಂಡೆ.