ಬಲಮೂಲೆಯ ಗುಲಾಬಿ

...ಅಥವಾ ಆ ವಿಡಿಯೋದವರ ಸ್ಟುಡಿಯೋ ಮಸ್ಕಿಯ ಬಸ್ ನಿಲ್ದಾಣದ ಎದುರಿಗಿರಲಿಲ್ಲವೇನೋ, ಲಿಂಗಸುಗೂರು ರಸ್ತೆಯಲ್ಲಿತ್ತೇನೋ. ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತಿರುವುದರಿಂದಲೇ ನನಗೆ ಅನುಮಾನ. ಸಿಂಧನೂರಿನ ನಮ್ಮ ಮನೆಯ ಟ್ರಂಕಿನಿಂದ ನನ್ನ ಮದುವೆಯ ಸಿ.ಡಿ. ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಆ ವಿಡಿಯೋ ತೆಗೆದ ಸ್ಟುಡಿಯೋದವರು ನೆನಪಿಗೆ ಬಂದರು.

ದೊಡ್ಡವ್ವ ಹೋದ ತಿಂಗಳು ತೀರಿಕೊಂಡಳು. ಸಂತೆಕಲ್ಲೂರಿನಲ್ಲಿ ಅವಳ ಸೋಬಾನೆ ಪದವಿಲ್ಲದೆ ಯಾರಿಗೂ ಅರಿಷಿಣ ಹಚ್ಚುತ್ತಿರಲಿಲ್ಲ. ಅವಳ ದನಿ ಎಲ್ಲಾದರೂ ಉಳಿದಿದ್ದರೆ ಈ ಸಿ.ಡಿ.ಯಲ್ಲಿ ಮಾತ್ರ. ಆ ಒಂದು ಹಾಡನ್ನು ಕತ್ತರಿಸಿ ತೆಗೆಯಲು ಅಗ್ಗದ ಎಡಿಟಿಂಗ್ ಸಾಫ್ಟ್‌ವೇರ್ ಹುಡುಕಿದೆ. ಮೊದಲು ಸಿಕ್ಕಿದ್ದು ಪುಕ್ಕಟೆ ಎಂದು ಕರೆದು, ಕೆಲಸ ಮುಗಿದ ಮೇಲೆ ಚಿತ್ರದ ಬಲಮೂಲೆಯಲ್ಲಿ ತನ್ನ ಹೆಸರಿನ ಮುದ್ರೆ ಒತ್ತಿತು, ಸರಿಯಾಗಿ ಮದುವೆಯ ವಿಡಿಯೋದಲ್ಲಿ ಮೊದಲಿನಿಂದಲೂ ಅಲ್ಲಿ ತಿರುಗುತ್ತಿದ್ದ ಗುಲಾಬಿಯ ಮೇಲೆ. ಅಳಿಸಬೇಕೆಂದರೆ ತಿಂಗಳ ಬಾಡಿಗೆ. ಹೇಸಿಗೆಯಾಯಿತು.

ಆ ಗುಲಾಬಿ ಯಾಕಿತ್ತು ಎಂದು ಹೊಳೆದದ್ದೂ ಆಗಲೇ. ಸ್ಟುಡಿಯೋದವರದೂ ಇಂಥದೇ ಪುಕ್ಕಟೆ ಸಾಫ್ಟ್‌ವೇರ್. ಬಿದ್ದ ಮುದ್ರೆಯನ್ನು ಮುಚ್ಚಲು ಹೂವು ಅಂಟಿಸುತ್ತಿದ್ದರು. ಜನ ಅದನ್ನೇ ಫ್ಯಾಷನ್ ಎಂದುಕೊಂಡರು. ಬಳಗಾನೂರಿನಿಂದ ಬಂದವರು ಕೂಡ “ಹೂವಾ ಇನ್ನೊಂಚೂರು ದೊಡ್ಡದ್ ಹಾಕ್ರೀ” ಎನ್ನುತ್ತಿದ್ದರು. ನನ್ನ ಮದುವೆಯಲ್ಲಿ ದೊಡ್ಡವ್ವ ಕೂತು ಹಾಡಿದ್ದು ಚಿತ್ರದ ಆ ಮೂಲೆಯಲ್ಲೇ.

ಸಿ.ಡಿ. ಬಂದ ದಿನ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. “ಮಾರಿ ಮ್ಯಾಲ ಹೂವಾ ಏರಿಸ್ಯಾನಲ್ಲೇ ಬಾಡ್ಯಾ! ನಾ ಇನ್ನೂ ಜೀವಂತ ಅದೀನಿ!” ಎಂದಳು ದೊಡ್ಡವ್ವ. ಮನೆಯೆಲ್ಲ ನಕ್ಕಿತು. ಆಮೇಲೆ ಮೆಲ್ಲಗೆ ಕೇಳಿದಳು: “ನನ್ನ ಪದ ಎಲ್ಲೈತಿ?” ಅವಳು ಹಾಡಿದ್ದ ಜಾಗದಲ್ಲಿ ಸಿನಿಮಾ ಹಾಡೊಂದು ಅರಚುತ್ತಿತ್ತು.

ಮಸ್ಕಿಗೆ ಹೋಗಿ ಜಗಳ ತೆಗೆದೆ. ಸ್ಟುಡಿಯೋದವರು ಬಾಗಿಲ ಪಕ್ಕಕ್ಕೇ ಗುಟ್ಕಾ ಉಗುಳಿದರು. “ಮುದುಕ್ಯಾರ ಪದ ಯಾರ್ ಕೇಳ್ತಾರವಾ? ಮದಿವಿ ಅಂದ್ರ ಕಳೆ ಬ್ಯಾಡೇನು?” ಮೂಲ ಕ್ಯಾಸೆಟ್ ಕೊಡಿ ಎಂದೆ. “ಅದರ ಮ್ಯಾಲ ಮುದಗಲ್ ಮದಿವಿ ಹಿಡದೀನಿ. ಚಿಂತಿ ಮಾಡಬ್ಯಾಡ, ಆಕಿ ದನಿ ಹಾಡಿನ ಬುಡಕ ಐತಿ. ಸಣ್ಣಗ ಮಾಡೀನಿ ಅಷ್ಟ.”

ಈಗ ಆ ಮಾತನ್ನೇ ನಂಬಿ ಬೇರೆ ಸಾಫ್ಟ್‌ವೇರ್ ಹುಡುಕುತ್ತ ಹೋದೆ. ಕೊನೆಗೆ ಮುದ್ರೆ ಒತ್ತದ, ಬಾಡಿಗೆ ಕೇಳದ ಒಂದು ಸಾದಾ ಸಾಫ್ಟ್‌ವೇರ್ ಸಿಕ್ಕಿತು. ಕತ್ತರಿಸುವುದು, ಜೋಡಿಸುವುದು, ದನಿ ಬಿಡಿಸುವುದು. ನನಗೆ ಬೇಕಿದ್ದದ್ದು ಅಷ್ಟೇ. ವಾದ್ಯಗಳನ್ನು ಬೇರೆ ಮಾಡಿ ಕೇಳಿದೆ: ಸಿನಿಮಾ ಗಾಯಕಿ ಒಬ್ಬಳೇ. ಅವಳನ್ನೂ ತೆಗೆದರೆ ಏನೂ ಇಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಒಂದು ಕೆಮ್ಮು... ಯಾರದೋ.

ಸ್ಟುಡಿಯೋದವರೂ ಈಗಿಲ್ಲ. ಸತ್ತವರ ಬಗ್ಗೆ ಹೇಸಬಾರದು ಎನ್ನುತ್ತಾರೆ. ನನಗೆ ಹೇಸಿಗೆ ಹೋಗಿಲ್ಲ. ಬುಡದಲ್ಲಿ ದನಿಯಿದೆ ಎಂದು ಅವರು ಸುಳ್ಳು ಹೇಳಿದರೋ, ತಿಳಿಯದೆ ಹೇಳಿದರೋ, ಹೇಳಲೇ ಇಲ್ಲವೋ. ಅಂದು ದೊಡ್ಡವ್ವ ಯಾವ ಪದ ಹಾಡಿದಳೆಂದು ಸಂತೆಕಲ್ಲೂರಿನ ಹೆಂಗಸರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮದುವೆ ನನ್ನದು, ನಾನು ಅವಳ ಎದುರಿಗೇ ಕೂತಿದ್ದೆ. ನನಗೂ ಗೊತ್ತಿಲ್ಲ.