ಕಡಿಮೆ ಬಿದ್ದ ಜೇನು, ತುಂಬಿದ ಡಬ್ಬಿ

ಬೆಳಿಗ್ಗೆ ಮಜ್ಜಿಗೆ ಕಡೆದೆ, ಲಿಂಬೆ ಉಪ್ಪಿನಕಾಯಿಯ ಭರಣಿ ಬಿಸಿಲಿಗಿಟ್ಟೆ, ಹರಿದ ದಿಂಬಿಗೆ ನಾಲ್ಕು ಹೊಲಿಗೆ ಹಾಕಿದೆ, ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದೆ. ಪರದೆಯಲ್ಲಿ, ನಮಗೆ ಜೇನು ಕೊಡುವ ತ್ಯಾಗಲಿ ಊರಿನ ನಾಗವೇಣಿಯ ಹೆಸರು ಕೆಂಪಾಗಿತ್ತು.

ಎರಡು ವರ್ಷದ ಹಿಂದಿನ ಮಾತು. ಸಿದ್ದಾಪುರದ ಒಂದು ಜೇನು ಕಂಪನಿಯಲ್ಲಿ ನಾನು ಗುಣಮಟ್ಟದ ದಾಖಲೆ ನೋಡಿಕೊಳ್ಳುತ್ತಿದ್ದೆ. ಆಹಾರ ಸುರಕ್ಷತೆಯ ತಪಾಸಣೆಗೆ ಪ್ರತಿ ಬಾಟಲಿಯ ಮೂಲ ತೋರಿಸಬೇಕೆಂದು ಆ ವರ್ಷ ನೋಟ್‌ಬುಕ್ ಬಿಟ್ಟು ಸಾಫ್ಟ್‌ವೇರ್ ತಂದಿದ್ದೆವು. ಒಂದು ಡಬ್ಬಿಗೆ ಒಂದು ಕ್ಯೂಆರ್ ಚೀಟಿ, ಒಂದು ಚೀಟಿಗೆ ಒಂದೇ ಮನೆ. ಹಾಗೆ ಬರೆದುಕೊಟ್ಟವಳು ನಾನೇ. ಲ್ಯಾಬ್‌ನಲ್ಲಿ ಸಕ್ಕರೆ ಪಾಕದ ಅಂಶ ಸಿಕ್ಕರೆ ಆ ಮನೆಯ ಹೆಸರು ತಾನಾಗಿ ಕೆಂಪಾಗಿ ಮುಚ್ಚಿಹೋಗುತ್ತದೆ. ಮುಂದಿನ ಹಂಗಾಮಿನವರೆಗೆ ಅವರಿಂದ ಜೇನು ಕೊಳ್ಳುವಂತಿಲ್ಲ. ನಾಗವೇಣಿಗೆ ಹಿಂದಿನ ಸಂಜೆಯೇ ಮೆಸೇಜ್ ಹೋಗಿತ್ತು.

ಡಬ್ಬಿ ತರುವ ವ್ಯಾನಿನ ರಫೀಕ್ ಭಾಯ್ ಶಿರಸಿಯವರು. ಅವರಿಗೆ ಹೇಳಿದೆ.

"ಮೇಡಂ, ಆ ಊರಲ್ಲಿ ಅರ್ಧ ಡಬ್ಬಿ ಕೊಟ್ಟವರನ್ನ ನಾ ಇವತ್ತಿಗೂ ನೋಡಿಲ್ಲ. ಹುಳ ಎಲ್ಲರ ಮನೇಲೂ ಡಬ್ಬಿ ಅಳತೆ ನೋಡ್ಕೊಂಡೇ ಜೇನು ಮಾಡ್ತಾವಾ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅವರ ವ್ಯಾನಿನಲ್ಲೇ ಹೊರಟೆ.

ನಾಗವೇಣಿಯ ಅಂಗಳದಲ್ಲಿ ಬಿಸಿಲೂ ಜೇನಿನ ಬಣ್ಣಕ್ಕೆ ತಿರುಗಿದಂತಿತ್ತು. ಜೇನುಪೆಟ್ಟಿಗೆಗಳ ಗುಂಯ್ ಸದ್ದಿನಲ್ಲಿ ನಮ್ಮ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

"ನಮ್ಮೂರಲ್ಲಿ ಅರ್ಧ ಡಬ್ಬಿ ಹೊಸ್ತ್ಲು ದಾಟ್ಸಲಾಗ್ತಿಲ್ಲೆ, ಹಿಂದಿಂದ ಬಂದ ಪದ್ಧತಿ ಅಕ್ಕಾ. ಕಡಿಮೆ ಬಿದ್ದದ್ದನ್ನ ಬೇರೆ ಮನೇಲಿ ಕೇಳಿ ಆನೇ ತುಂಬ್ಸಿದ್ದಿ," ಎಂದಳು.

"ಯಾರ ಹತ್ರ ಕೇಳಿದ್ದೆ?"

"ಕೊಟ್ಟವ್ರ ಹೆಸ್ರು ಆನು ಹೇಳ್ತ್ನಿಲ್ಲೆ. ಬೇಕಾದ್ರೆ ಯನ್ನ ಹೆಸ್ರೇ ಕೆಂಪಾಗಿರ್ಲಿ."

ಟ್ಯಾಬ್‌ನಲ್ಲಿ ಅವಳ ಚೀಟಿಯ ಪುಟ ತೆರೆದೆ. ಅದರಲ್ಲಿ ಎರಡನೆಯ ಮನೆಗೆ ಜಾಗವೇ ಇರಲಿಲ್ಲ.

ಬೇಲಿಯಾಚೆ ನಿಂತು ಕೇಳುತ್ತಿದ್ದ ಪಕ್ಕದ ಮನೆಯ ಗಣಪಣ್ಣ ಒಳಗೆ ಹೋದ. ತಳದಲ್ಲಿ ನಾಲ್ಕು ಬೆರಳು ಜೇನಿದ್ದ ಡಬ್ಬಿ ಹಿಡಿದು, ತನ್ನ ಹೊಸ್ತಿಲ ಮೇಲೆ ಕ್ಷಣ ತಡೆದು, ದಾಟಿ ಬಂದ.

"ಕೊಟ್ಟಿದ್ದು ಆನು. ಮಳೆಗಾಲದಲ್ಲಿ ಹುಳಕ್ಕೆ ಇಟ್ಟ ಸಕ್ರೆ ನೀರು ಗೂಡಿನ ಎರಿಯಲ್ಲೇ ಇತ್ತು ಕಾಣ್ತು, ಆನು ಗಡಿಬಿಡಿಲಿ ಬೇಗ ಜೇನು ತೆಗ್ದಿ. ಯನ್ನ ಹೆಸ್ರು ಬರ್ಕಳಿ."

"ರಾತ್ರಿಯಿಡೀ ಯನ್ನ ನಿದ್ದೆ ತಿಂದೆ ನೀನು!" ಎಂದು ನಾಗವೇಣಿ ಅವನನ್ನು ಗದರಿದಳು.

ನಾಗವೇಣಿಯ ಪೆಟ್ಟಿಗೆಯಿಂದ ಹೊಸದಾಗಿ ತೆಗೆದ ಜೇನನ್ನೂ ಗಣಪಣ್ಣನ ಡಬ್ಬಿಯದನ್ನೂ ಲ್ಯಾಬ್‌ಗೆಂದು ಬೇರೆ ಬೇರೆ ಸೀಸೆಗೆ ತುಂಬಿ ಸೀಲ್ ಮಾಡಿದೆ. ಕೆಲವು ದಿನದಲ್ಲಿ ವರದಿ ಬಂದು ಅವಳ ಹೆಸರು ಹಸಿರಾಯಿತು. ಗಣಪಣ್ಣನ ಹೆಸರು ಕೆಂಪಾಯಿತು, ಅವನು ಒಂದು ಹಂಗಾಮು ಕಾದ. ಕಂಪನಿಗೆ ಹೇಳಿ ಮೂರು ಅಳತೆಯ ಡಬ್ಬಿ ಮಾಡಿಸಿದೆ. ಜೇನು ಎಷ್ಟೇ ಇರಲಿ, ಒಂದಾದರೂ ತುಂಬುತ್ತದೆ. ಯಾವುದೇ ವ್ಯವಸ್ಥೆ ಬರೆಯುವ ಮೊದಲು ಡಬ್ಬಿ ತುಂಬುವ ಅಂಗಳದಲ್ಲಿ ಒಂದು ದಿನ ಕೂತು ಬರಬೇಕೆಂದು ಆ ಕೆಲಸ ಕಲಿಸಿತು.

ಸೀಸೆ ಸೀಲ್ ಮಾಡಿದ ಆ ಮಧ್ಯಾಹ್ನ ನಾಗವೇಣಿಯ ಮನೆಯಲ್ಲೇ ಉಂಡೆವು, ಗಣಪಣ್ಣನೂ ಪಂಕ್ತಿಯಲ್ಲಿದ್ದ. ಅನ್ನ, ಒಂದೆಲಗದ ತಂಬುಳಿ, ಸುಟ್ಟ ಹಪ್ಪಳ. ನಮಗೆಲ್ಲ ಬಡಿಸಿ, ತಾನೂ ಉಂಡು ಗೋಡೆಗೊರಗಿದ ನಾಗವೇಣಿ, ರಫೀಕ್ ಭಾಯ್ ಏನೋ ಹೇಳುತ್ತಿದ್ದಂತೆಯೇ ಎಲ್ಲರಿಗಿಂತ ಮೊದಲು ನಿದ್ದೆಹೋದಳು.